ಇಂಗಾಲ ನುಂಗುವ ಪೆಟ್ಟಿಗೆ

"ಕೊಟ್ರಮ್ಮ, ಇನ್ನು ಅಡುಗೆ ಗ್ಯಾಸಿಗೆ ಕಾಯೋ ಕಾಲ ಮುಗೀತು!" ಎನ್ನುತ್ತಾ ಪಕ್ಕದ ಮನೆ ತಿಪ್ಪೇಸ್ವಾಮಿ ಮೇಷ್ಟ್ರು ತಾರಸಿಯ ಮೇಲಿನ ಗಾಜಿನ ಪೆಟ್ಟಿಗೆಯಿಂದ ಬಟ್ಟೆ ಸರಿಸಿದರು. ಒಳಗೆ ನೀರು, ನೀರಿನಲ್ಲೊಂದು ತಾಮ್ರದ ತಗಡು. ಪಕ್ಕದಲ್ಲಿ ಕಂಪ್ಯೂಟರ್. ಚಿತ್ರದುರ್ಗದಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿದ ಮನುಷ್ಯ ನಿವೃತ್ತಿಯಾದರೂ ಸುಮ್ಮನಿರಬೇಕಲ್ಲ!

"ಗಾಳಿಯ ಇಂಗಾಲದ ಡೈಆಕ್ಸೈಡನ್ನ ಈ ತಗಡು ಬಿಸಿಲಿನ ಬಲದಿಂದ ಇಂಧನ ಮಾಡುತ್ತೆ. ತಗಡಿಗೆ ಏನು ಲೇಪಿಸಿದ್ರೆ ಕೆಲಸ ಚುರುಕಾಗುತ್ತೆ ಅಂತ ಕಂಪ್ಯೂಟರೇ ನಲವತ್ತು ಸಾವಿರ ಪಾಕ ನೋಡಿ ಕಲ್ತಿದೆ!"

"ತಗಡಿಗೆ ನನ್ನ ತಾಮ್ರದ ಹಂಡೆ ಕತ್ತರಿಸು ಅಂತಾನೂ ಅದೇ ಹೇಳ್ತಾ?" ಎಂದರು ಅವರ ಹೆಂಡತಿ ಹಾಲಮ್ಮ.

ಸಂಜೆಯವರೆಗೆ ಕಾದರೆ ಬಿದ್ದದ್ದು ಮೂರು ಹನಿ. ಕಡ್ಡಿ ಗೀರಿ ಹಿಡಿದರೆ ಕಡ್ಡಿಯೇ ಆರಿತು.

ಮರುದಿನ ಬೆಳಿಗ್ಗೆ ಮೇಷ್ಟ್ರು ನನ್ನ ಸೋಡಾ ಅಂಗಡಿಗೆ ಬಂದರು. "ಗಾಳೀಲಿ ಆ ಅನಿಲ ಸಾಲದು. ನಿನ್ನ ಸೋಡಾ ಗ್ಯಾಸಿನ ಸಿಲಿಂಡರಲ್ಲಿ ಇರೋದು ಅದೇ. ಒಂದು ಗಂಟೆ ಕೊಡಮ್ಮ."

"ಮಧ್ಯಾಹ್ನ ಮದುವೆಗೆ ಮುನ್ನೂರು ಬಾಟ್ಲಿ ಸೋಡಾ ಕೊಡ್ಬೇಕು ಮೇಷ್ಟ್ರೇ! ಇರೋದು ಅದೊಂದೇ!"

"ಚೂರೇ ಚೂರು ಸಾಕು!"

ನನ್ನ ಮಗಳಿಗೆ ಪುಕ್ಕಟೆ ಪಾಠ ಹೇಳಿ ಎಸ್ಸೆಸ್ಸೆಲ್ಸಿ ದಾಟಿಸಿದವರು. ಇಲ್ಲ ಎನ್ನಲಾಗದೆ ಸಿಲಿಂಡರನ್ನು ಅವರ ತಾರಸಿಗೆ ಹೊರಿಸಿದೆ.

ಮೇಷ್ಟ್ರು ಸಿಲಿಂಡರನ್ನೂ ನೀರಿನ ಮೋಟಾರನ್ನೂ ಪೆಟ್ಟಿಗೆಗೆ ಜೋಡಿಸಿ, ಎರಡರ ಹಿಡಿತವನ್ನೂ ಕಂಪ್ಯೂಟರಿಗೇ ಬಿಟ್ಟು, ಅದಕ್ಕೆ ಹೊಸ ಗುರಿ ಕೊಟ್ಟರು: ಅನಿಲ ಕರಗಿಸಿದಷ್ಟೂ, ಪಾತ್ರೆ ತುಂಬಿಸಿದಷ್ಟೂ ಅಂಕ ಜಾಸ್ತಿ! ಅದು ಎರಡು ಸಲ ಕುಂಯ್ ಎಂದಿತು. ಮರುಕ್ಷಣ ನೀರಿನ ಟ್ಯಾಂಕಿನ ಮೋಟಾರು ತಾನಾಗಿಯೇ ಶುರು! ಕೊಳವೆಯಿಂದ ಭುಸ್ಸೆಂದು ಧಾರೆ! ಬಕೆಟ್ಟು ತುಂಬಿತು, ಕೊಡ ತುಂಬಿತು, ಹಾಲಮ್ಮನ ಹಿಟ್ಟಿನ ಡಬ್ಬಿಯೂ ತುಂಬಿತು.

"ಇಂಧನ! ಒಲೆ ಆರಿಸ್ರೋ!" ಎಂದು ಮೇಷ್ಟ್ರು ಕುಣಿದರು. ಓಣಿಯವರೆಲ್ಲ ಒಲೆ ಆರಿಸಿ ಬೀದಿಗೆ ಓಡಿದರು. ನನ್ನ ಸಿಲಿಂಡರಿನ ಮುಳ್ಳು ಸೊನ್ನೆಗೆ ಬಂತು. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ.

ಹಾಲಮ್ಮ ಬೆರಳದ್ದಿ ನೆಕ್ಕಿದರು.

"ಅಯ್ಯೋ, ವಿಷ ಕಣೇ!" ಎಂದು ಮೇಷ್ಟ್ರು ಕೂಗಿದರು.

"ವಿಷ ಅಲ್ಲ, ಸೋಡಾ."

ಮೇಷ್ಟ್ರು ಕಂಪ್ಯೂಟರು ನೋಡಿ ಕುಸಿದರು. ಇಂಧನ ಮಾಡುವುದಕ್ಕಿಂತ ಅನಿಲವನ್ನು ನೀರಿಗೆ ಬೆರೆಸುವುದೇ ಸುಲಭ ಎಂದು ಅದು ಕಲಿತುಬಿಟ್ಟಿತ್ತು! "ನನ್ನ ತಗಡನ್ನ ಮುಟ್ಟೇ ಇಲ್ಲ. ಬೇರೆ ಕೊಳವೇಲಿ ಹೋಗಿದೆ," ಎಂದು ಗೊಣಗಿದರು.

"ಮುಟ್ಟದಿದ್ರೆ ಒಳ್ಳೇದೇ ಆಯ್ತು, ಕುಡೀಬಹುದು! ಬಾಟ್ಲಿ ತನ್ನಿ!" ಎಂದು ನಾನು ಎದ್ದೆ. ಓಣಿಯೆಲ್ಲ ಸೇರಿ ಮುನ್ನೂರು ಬಾಟಲಿ ತುಂಬಿಸಿದೆವು.

ಆ ಸೋಡಾದ ಖಡಕ್ಕೋ! ಛತ್ರದಲ್ಲಿ ಪಂಕ್ತಿಗೆ ಪಂಕ್ತಿಯೇ ತೇಗಿತು. ಮದುಮಗ ಹೆಂಡತಿಯ ಹೆಸರು ಹೇಳಲು ಬಾಯಿ ತೆರೆದರೆ ಬಂದದ್ದು ತೇಗು. ವಾಲಗದವನೂ ಅರ್ಧದಲ್ಲೇ ನಿಲ್ಲಿಸಿದ.

"ಹಿಡಿದ ಇಂಗಾಲವೆಲ್ಲ ಮತ್ತೆ ಗಾಳಿಗೇ ಹೋಯ್ತಲ್ಲೇ!" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಹಾಲಮ್ಮ ಎಲೆ ಮಡಿಚಿದರು. "ಹೋಗ್ಲಿ ಬಿಡಿ. ಹೋಳಿಗೆಯಂತೂ ಅರಗಿತು."