ಮಂಜು ಕರಗಿಸಿದವರು ಯಾರು?

ನನ್ನ ಚಿಕ್ಕಪ್ಪ ಜನ್ಮದಲ್ಲಿ ವಾದ ಸೋತದ್ದು ಒಮ್ಮೆ ಮಾತ್ರ. ಆ ಸೋಲೂ ಒಂದು ನಿಮಿಷ ಬಾಳಲಿಲ್ಲ!

ಅವರು ಕಾರ್ಕಳದಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಎಪ್ಪತ್ತರ ದಶಕದಲ್ಲಿ ಊರಿಗೆಲ್ಲ ಅಕ್ಕಿ, ಸೀಮೆಎಣ್ಣೆಯ ಚಿಂತೆಯಾದರೆ ಇವರಿಗೆ ವಿಶ್ವದ ಬಾಲ್ಯದ ಚಿಂತೆ. ಆಗ ಎಲ್ಲೆಲ್ಲೂ ಜಲಜನಕದ ಮಂಜು ಕವಿದು ಬೆಳಕನ್ನು ನುಂಗುತ್ತಿತ್ತಂತೆ. ಆಮೇಲೆ ಯಾವುದೋ ಪ್ರಖರ ಬೆಳಕು ಆ ಪರಮಾಣುಗಳನ್ನು ಒಡೆದು ಆಕಾಶವನ್ನು ತಿಳಿಯಾಗಿಸಿತಂತೆ. ಯಾರ ಬೆಳಕು? "ಕ್ವೇಸಾರ್!" ಎನ್ನುತ್ತಿದ್ದರು ಚಿಕ್ಕಪ್ಪ, ಸ್ವಂತ ಅಣ್ಣನ ಹೆಸರು ಹೇಳುವಂತೆ. ಅಂದರೆ ನಡುವಿನಲ್ಲಿ ಧಗಧಗ ಉರಿಯುವ ಗೆಲಾಕ್ಸಿಗಳು; ಬೆರಳೆಣಿಕೆಯಷ್ಟಿದ್ದರೂ ಒಂದೊಂದೂ ಮಹಾಪ್ರಚಂಡ. ಅದು ಸಣ್ಣಪುಟ್ಟ ನಕ್ಷತ್ರಗಳ ಬೆಳಕು ಎನ್ನುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ.

ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದವರಿಗೂ ಇದನ್ನೇ ಬಡಿಸುತ್ತಿದ್ದರು. ಬಜಗೋಳಿಯ ಭಾವನೊಬ್ಬ ಪಾಯಸ ಬರುವ ಮೊದಲೇ ಎದ್ದು ಹೋದದ್ದುಂಟು! ಹೆಣ್ಣು ನೋಡಲು ಹೋದವರು ಹಾಡು ಬರುತ್ತದೆಯೇ ಎಂದು ಕೇಳಬೇಕಲ್ಲವೆ? ಇವರು ಮಂಜು ಕರಗಿಸಿದ್ದು ಯಾರೆಂದು ಕೇಳುತ್ತಿದ್ದರು. ಕರಗಿದ್ದು ಹೆಣ್ಣಿನ ಕಡೆಯವರ ಉತ್ಸಾಹ.

ಕಾಪುವಿನ ಹುಡುಗಿಯೊಬ್ಬಳು ಮಾತ್ರ ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಹೇಳಿಸಿಕೊಂಡಳು.

"ಈ ದೊಡ್ಡದು ಎಷ್ಟು ಉಂಟು? ಸಣ್ಣ ನಕ್ಷತ್ರ ಎಷ್ಟು ಉಂಟು?"

"ದೊಡ್ಡದು ಕೆಲವೇ. ಸಣ್ಣದಕ್ಕೆ ಲೆಕ್ಕ ಇಲ್ಲ."

"ಹಾಗಾದ್ರೆ ಸಣ್ಣದೇ. ನಮ್ಮ ಮನೆ ಲೈಟ್‌ಹೌಸಿನ ಬುಡದಲ್ಲೇ ಉಂಟು. ಆದ್ರೂ ನಾವು ಊಟ ಮಾಡುವುದು ಚಿಮಿಣಿ ದೀಪದಲ್ಲಿ, ಅಲ್ವಾ?"

ಚಿಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮರುತಿಂಗಳೇ ಮದುವೆ!

ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ಇದೇ ಜಗಳ. "ನಿಮ್ಮ ಕ್ವೇಸಾರಿಗೆ ಹೇಳಿ, ಬಂದು ತೆಂಗಿನಕಾಯಿ ತುರಿಯಲಿ," ಎಂದು ಚಿಕ್ಕಮ್ಮ. ಚಿಕ್ಕಪ್ಪ ತುರಿಯುತ್ತಲೇ ವಾದ ಮುಂದುವರಿಸುತ್ತಿದ್ದರು. ಬಿಟ್ಟುಕೊಟ್ಟರೆ ಕೇಳಿ!

ಎಂಬತ್ತರ ದಶಕದ ಒಂದು ಮಳೆಗಾಲ ಚಿಕ್ಕಮ್ಮ ಮಣಿಪಾಲದಲ್ಲಿ ಆಸ್ಪತ್ರೆ ಸೇರಿದರು. ಜ್ವರ ಇಳಿಯುತ್ತಿರಲಿಲ್ಲ, ತುತ್ತು ಗಂಟಲಿಗೆ ಇಳಿಯುತ್ತಿರಲಿಲ್ಲ. ನಾನು ಉಡುಪಿಯಿಂದ ಗಂಜಿ ತಂದಾಗ ಡಾಕ್ಟರು ಚಿಕ್ಕಪ್ಪನ ಮುಖ ನೋಡದೆ ಏನೋ ಹೇಳಿ ಹೋದರು. ಚಿಕ್ಕಪ್ಪ ಹೆಂಡತಿಯ ಕೈ ಹಿಡಿದು ಕುಳಿತರು.

"ನೀನು ಹೇಳಿದ್ದೇ ಸರಿ ಮಾರಾಯ್ತಿ. ಸಣ್ಣ ನಕ್ಷತ್ರಗಳೇ."

ಚಿಕ್ಕಮ್ಮ ಗಾಬರಿಯಿಂದ ಕಣ್ಣು ಬಿಟ್ಟರು. "ಡಾಕ್ಟರು ಎಂತ ಹೇಳಿದ್ರು? ನಾನು ಉಳಿಯುವುದಿಲ್ವಾ?"

"ಛೆ! ಇಲ್ಲ, ಇಲ್ಲ, ಕ್ವೇಸಾರೇ! ಮನೆಗೆ ಬಾ, ಪುಸ್ತಕ ತೆಗೆದೇ ತೋರಿಸ್ತೇನೆ!"

ಚಿಕ್ಕಮ್ಮನ ಮುಖಕ್ಕೆ ಜೀವ ಬಂತು. "ಹಾಗಾದ್ರೆ ಗಂಜಿ ಕೊಡಿ," ಎಂದರು.

ಚಿಕ್ಕಪ್ಪ ಚಮಚ ಹಿಡಿದರು. ಅರ್ಧ ಗಂಜಿ ಹಾಸಿಗೆಗೇ ಚೆಲ್ಲಿತು. ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೊಂದೇ ದಿನ.