ಇಲಿ ದರ್ಜೆಗೆ ನನ್ನ ಬಡ್ತಿ

ಮನುಷ್ಯನ ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಅದು ಹರಿದಲ್ಲಿ ದುರಸ್ತಿಪಡಿಸುವ ಬಗ್ಗೆ ಸಂಶೋಧನೆ ನಡೆಸುವ ಅಧಿಕಾರ ನಮ್ಮ ಸಂಸ್ಥೆಗೆ ಮಾತ್ರ ಇರುತ್ತದೆ. ಮೊದಲನೆಯದು ಪ್ರಕೃತಿ ನಿಯಮ, ಎರಡನೆಯದು ಸುತ್ತೋಲೆ.

ಆ ಸಂಸ್ಥೆಯಲ್ಲಿ ನಾನು ಇಲಿಗಳ ಉಸ್ತುವಾರಿ. ನಮ್ಮೂರಿನಲ್ಲಿ ಮಾತ್ರ ವಿಜ್ಞಾನಿ. ಇದು ಸುಳ್ಳಲ್ಲ. ಊರಿನವರಿಗೆ ನಾನು ನನ್ನ ಕೆಲಸದ ಬಗ್ಗೆ ಎಲ್ಲವನ್ನೂ ಹೇಳಿದ್ದೇನೆ, ಇಲಿಯೊಂದನ್ನು ಬಿಟ್ಟು.

ವಿಷಯ ಕಷ್ಟದ್ದು, ಆದರೆ ನನ್ನ ಬಾಯಿಗೆ ಬಂದರೆ ಬಾಳೆಹಣ್ಣು. ನರ ಅಂದರೆ ಕರೆಂಟಿನ ತಂತಿ. ಕೆಲವು ಜೀವಕೋಶಗಳು ಅದಕ್ಕೆ ಚಾಪೆ ಸುತ್ತಿದ ಹಾಗೆ ಪದರಪದರವಾಗಿ ಮಯಲಿನ್ ಸುತ್ತುತ್ತವೆ. ಒಂದು ಪ್ರೋಟೀನು ಆ ಪದರಗಳನ್ನು ಗೋಂದಿನಂತೆ ಅಂಟಿಸಿ ಹಿಡಿಯುತ್ತದೆ. ಹೊದಿಕೆ ಹರಿದರೆ ಮಿದುಳು 'ನಡಿ' ಎಂದದ್ದು ಕಾಲಿಗೆ ಮುಟ್ಟುವ ಮೊದಲೇ ದಾರಿಯಲ್ಲಿ ಸೋರಿಹೋಗುತ್ತದೆ. ಸುತ್ತುವ ಕೋಶಗಳು ರಿಪೇರಿಗೆ ಬರುತ್ತವೆ. ಅಷ್ಟರಲ್ಲಿ ಇನ್ನೊಂದು ಪ್ರೋಟೀನು ಅಡ್ಡ ನಿಂತು 'ಸದ್ಯಕ್ಕೆ ಬೇಡ' ಅನ್ನುತ್ತದೆ. ಯಾಕೆ ಬೇಡ ಎಂಬುದು ಅದಕ್ಕೂ ಗೊತ್ತಿರುವುದಿಲ್ಲ. ನಮ್ಮ ಸಂಸ್ಥೆಯಲ್ಲಿ ಈ ಕರ್ತವ್ಯವನ್ನು ಆಡಳಿತ ಅಧೀಕ್ಷಕರು ನಿರ್ವಹಿಸುತ್ತಾರೆ.

ನಿರ್ದೇಶಕಿ ಮೇಡಂ ಕಂಡುಹಿಡಿದ ಔಷಧವು ಆ 'ಬೇಡ' ಪ್ರೋಟೀನಿನ ಬಾಯಿ ಮುಚ್ಚಿಸುತ್ತದೆ. ಅಧೀಕ್ಷಕರ ಬಾಯಿಗೆ ಔಷಧ ಇನ್ನೂ ಸಿಕ್ಕಿಲ್ಲ.

ನನಗೊಬ್ಬಳು ಅಕ್ಕ, ಇಲ್ಲಿ ನನ್ನ ಜೊತೆಗೇ ಇರುವವಳು. ಬಟ್ಟೆ ಹೊಲಿದು ನನ್ನನ್ನು ಓದಿಸಿದವಳು. ಅವಳ ಬಲಗಾಲು ಹೊಲಿಗೆ ಮಿಷನ್ನಿನ ಪೆಡಲಿನ ಮೇಲೆ ಕೂತರೆ ಏಳದು, ಎದ್ದರೆ ಕೂರದು. ಮಯಲಿನ್ ಹರಿಯುತ್ತಿದೆ ಎಂದರು ಡಾಕ್ಟರು. ನಾನು ಎದೆ ತಟ್ಟಿಕೊಂಡೆ.

"ಯೋಚನೆ ಬಿಡು ಅಕ್ಕ. ಔಷಧ ನನ್ನ ಕೈಯಲ್ಲೇ ಇದೆ."

"ನಿನ್ನ ಕೈಯಲ್ಲಿ ಇರೋದು ಇಲಿ ಹಿಕ್ಕೆ ವಾಸನೆ ಕಣೋ," ಎಂದಳು. ಆದರೂ ಮಿಷನ್ನನ್ನು ಮಾರಲಿಲ್ಲ. ಬಟ್ಟೆ ಹೊದಿಸಿ ಮೂಲೆಗಿಟ್ಟಳು.

ಔಷಧ ನಾಟಿತು. ಮಯಲಿನ್ ಹರಿದು ತೂರಾಡುತ್ತಿದ್ದ ಇಲಿಗಳೆಲ್ಲ ತಿರುಗುವ ಕೋಲಿನ ಮೇಲೆ ಜಾರದೆ ಓಡತೊಡಗಿದವು. ಮೇಡಂ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಅಧೀಕ್ಷಕರು ಬಂದರು.

"ಏನಿದು, ಇಲಿ ನೆಟ್ಟಗೆ ಓಡ್ತಿದೆ?"

"ವಾಸಿಯಾಗಿದೆ ಸಾರ್."

"ಯಾರನ್ನ ಕೇಳಿ?"

ಅವರ ಆತಂಕ ಸಕಾರಣವಾಗಿತ್ತು. ಯೋಜನೆಯ ಹೆಸರು 'ರೋಗಗ್ರಸ್ತ ಇಲಿಗಳಲ್ಲಿ ಮಯಲಿನ್ ದುರಸ್ತಿ'. ರೋಗವಿಲ್ಲದ ಇಲಿ ಯೋಜನೆಯ ಇಲಿಯಲ್ಲ. ಇಲಿಯಿಲ್ಲದೆ ಯೋಜನೆಯಿಲ್ಲ. ಯೋಜನೆ ಮುಚ್ಚಿದರೆ ಇದ್ದಬದ್ದ ಔಷಧವನ್ನೆಲ್ಲ ಚರಂಡಿಗೆ ಚೆಲ್ಲತಕ್ಕದ್ದು.

"ಹಾಗಾದ್ರೆ ಮನುಷ್ಯರ ಮೇಲೆ ಪ್ರಯೋಗ ಶುರು ಮಾಡೋಣ," ಎಂದರು ಮೇಡಂ.

"ಸದ್ಯಕ್ಕೆ ಬೇಡ ಮೇಡಂ. ನಮ್ಮದು ಇಲಿ ಸಂಸ್ಥೆ. ಮನುಷ್ಯರಿಗೆ ಇಲ್ಲಿ ಅವಕಾಶ ಇಲ್ಲ."

ತಪಾಸಣಾ ಅಧಿಕಾರಿಗಳು ಬರುವ ಸುದ್ದಿಯಿತ್ತು. ಗೋಡೆಗೆ ಪ್ರಕಟಣೆ ಬಿತ್ತು: 'ಗುಣಮುಖವಾಗಿರುವ ಎಲ್ಲ ಇಲಿಗಳು ತಪಾಸಣೆ ಮುಗಿಯುವವರೆಗೆ ಕಡ್ಡಾಯವಾಗಿ ತೂರಾಡತಕ್ಕದ್ದು. ತಪ್ಪಿದಲ್ಲಿ ಉಸ್ತುವಾರಿಯವರೇ ಹೊಣೆ.'

ಹೊಣೆ ಎಂದರೆ ನಾನು. ಹೆದರಲಿಲ್ಲ. ಗುಮ್ಮುವ ಹೋರಿಗೆ ಮೂಗುದಾರ ಹಾಕಿದ ಕೈ ಇದು, ಅಂಗೈಯಗಲದ ಇಲಿ ಯಾವ ಲೆಕ್ಕ? ಪಂಜರದ ಮುಂದೆ ನಿಂತು ನಾನೇ ತೂರಾಡಿ ತೋರಿಸಿದೆ. ಇಲಿಗಳು ಮೀಸೆ ಅಲ್ಲಾಡಿಸುತ್ತಾ ನೋಡಿದವು. ಒಂದು ಮಾತ್ರ ಹತ್ತಿರ ಬಂದು, ತನ್ನ ಪಾಲಿನ ಕಾಳನ್ನು ನನ್ನ ಕಡೆಗೆ ತಳ್ಳಿತು. ಅದು ಗೌರವ ಎಂದೇ ಅಂದುಕೊಂಡೆ.

ತಪಾಸಣೆಯ ದಿನ ಇಲಿಗಳು ಪಂದ್ಯ ಕಟ್ಟಿದವರ ಹಾಗೆ ಓಡಿದವು.

"ರೋಗಿಗಳು ಎಲ್ರೀ?" ಎಂದರು ತಪಾಸಣಾಧಿಕಾರಿ.

ಅಧೀಕ್ಷಕರು ನನ್ನ ಮುಖ ನೋಡಿದರು. ನನಗೆ ಚರಂಡಿ ಕಂಡಿತು, ಮೂಲೆಯಲ್ಲಿ ಬಟ್ಟೆ ಹೊದ್ದ ಮಿಷನ್ನು ಕಂಡಿತು.

"ಹೇಗೆ ತೂರಾಡ್ತಿದ್ವು ಅಂತ ನಾನೇ ತೋರಿಸ್ತೀನಿ ಸಾರ್," ಎಂದು ಎರಡು ಮೇಜುಗಳ ನಡುವಿನ ಹಲಗೆ ಹತ್ತಿದೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಗದ್ದೆ ಬದುವಿನ ಮೇಲೆ ಓಡಾಡಿದವನು ನಾನು. ಬೀಳುವ ಹಾಗೆ ನಟಿಸಿ, ಬೀಳದೆ ಇಳಿಯುವುದು ನನ್ನ ಯೋಜನೆ. ಆದರೆ ನಟನೆ ಶುರು ಮಾಡುವ ಮೊದಲೇ ದಬಕ್ಕನೆ ಬಿದ್ದೆ. ಇಲಿಗಳಿಗೆ ಹಾಸುವ ಹೊಟ್ಟಿನ ಬಕೆಟ್ಟು ತಲೆಯ ಮೇಲೆ ಬೋರಲಾಯಿತು.

"ಭಲೇ!" ಎಂದರು ಅಧಿಕಾರಿ. "ಇಂಥ ರೋಗಲಕ್ಷಣ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಇದನ್ಯಾಕ್ರೀ ಬಚ್ಚಿಟ್ಟಿದ್ರಿ?"

"ಇದು ನಮ್ಮ ದೊಡ್ಡ ಇಲಿ ಸಾರ್," ಎಂದರು ಅಧೀಕ್ಷಕರು.

"ಬಾಲ ಕಾಣಿಸ್ತಿಲ್ವಲ್ಲ?"

"ಖಾಲಿ ಇದೆ ಸಾರ್. ಭರ್ತಿಗೆ ಬರೆದಿದ್ದೇವೆ."

ಹೀಗೆ ನನ್ನನ್ನು ಅಂದೇ ಇಲಿ ದರ್ಜೆಗೆ ಸೇರಿಸಲಾಯಿತು. ಯೋಜನೆ ಉಳಿಯಿತು, ಔಷಧವೂ ಉಳಿಯಿತು. ಊರಿಗೆ ಫೋನ್ ಮಾಡಿ ಬಡ್ತಿಯಾಯಿತು ಎಂದೆ. ಯಾವ ಹುದ್ದೆಗೆ ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಅಕ್ಕ ಕೇಳಿದಳು. ಕೇಳಿ, ಮರುದಿನ ಕಾಲೆಳೆದುಕೊಂಡು ಸಂಸ್ಥೆಗೇ ಬಂದಳು.

"ಅಮ್ಮಾ, ಔಷಧ ಇಲಿಗಳಿಗೆ ಮಾತ್ರ," ಎಂದರು ಅಧೀಕ್ಷಕರು.

"ಇವನು ಇಲಿ ತಾನೇ ಸಾರ್?"

"ಹೌದು. ಆದೇಶ ಆಗಿದೆ."

"ನಾನು ಇವನ ಒಡಹುಟ್ಟಿದ ಅಕ್ಕ. ಇವನು ಇಲಿ ಆದ್ರೆ ನಾನೇನು ಆನೆಯಾ?"

ಅಧೀಕ್ಷಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮೂವತ್ತು ವರ್ಷದ ಸೇವೆಯಲ್ಲಿ ಇಷ್ಟು ನಿಯಮಬದ್ಧವಾದ ಮಾತನ್ನು ಅವರು ಕೇಳಿರಲಿಲ್ಲವಂತೆ.

"ಬಾಲ..." ಎಂದರು ಕೊನೆಗೆ.

"ಬೇಕಿದ್ರೆ ನಾನೇ ಹೊಲ್ಕೊಂಡು ಬರ್ತೀನಿ ಬಿಡಿ."

ಮೇಡಂ ತೂಕಕ್ಕೆ ತಕ್ಕ ಪ್ರಮಾಣ ಲೆಕ್ಕಹಾಕಿ ಸೂಜಿ ಚುಚ್ಚಿದರು. ವಾರಗಳು ಕಳೆದವು. ಏನೂ ಆಗಲಿಲ್ಲ. ನಾನು ಊಟ ಬಿಟ್ಟೆ. ಬಡಾಯಿ ಕೊಚ್ಚುವುದನ್ನೂ ಬಿಟ್ಟೆ, ಅದೇ ಹೆಚ್ಚು ಕಷ್ಟವಾಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಒಳಗೆ ಮೂಲೆಯ ಮಿಷನ್ನು ಟಕಟಕ ಎಂದಿತು. ನಿಂತಿತು. ಮತ್ತೆ ಶುರುವಾಯಿತು, ಈ ಸಲ ನಿಲ್ಲಲಿಲ್ಲ. ಬಾಯಿತುಂಬ ನೊರೆ ಇಟ್ಟುಕೊಂಡೇ ನಾನು ಅತ್ತೆ.

ಆ ವಾರವೇ ಅಧೀಕ್ಷಕರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

"ನೀವು ಗುಣಮುಖರಾಗಿದ್ದೀರಿ ಅಂತ ದೂರು ಬಂದಿದೆ ಅಮ್ಮ. ಗುಣಮುಖರಿಗೆ ಮುಂದಿನ ಔಷಧ ಇಲ್ಲ."

"ಯಾರು ಸಾರ್ ಹಾಗಂದಿದ್ದು?" ಎಂದು ಅಕ್ಕ ಕಾಲೆಳೆಯುತ್ತಾ ಕೋಣೆಯ ಉದ್ದಕ್ಕೂ ನಡೆದಳು. ಅವಳು ಎಳೆಯುತ್ತಿದ್ದುದು ಎಡಗಾಲು.

"ಕಾಯಿಲೆ ಬಲಗಾಲಿಗೆ ಅಲ್ವೇನಮ್ಮ?"

"ಅದು ಈ ಕಡೆಗೆ ಬಂದ್ಬಿಟ್ಟಿದೆ ಸಾರ್."

ಅಧೀಕ್ಷಕರ ಮುಖ ಅರಳಿತು. 'ಕಾಯಿಲೆಯು ಬಲಗಾಲಿನಿಂದ ಎಡಗಾಲಿಗೆ ವರ್ಗಾವಣೆಗೊಂಡಿದ್ದು, ಕರ್ತವ್ಯಕ್ಕೆ ಹಾಜರಾಗಿದೆ' ಎಂದು ಬರೆದು ಸಹಿ ಹಾಕಿದರು.

ಈಗ ಎಲ್ಲವೂ ಕ್ರಮಬದ್ಧವಾಗಿದೆ. ಅಕ್ಕ ಸಂಸ್ಥೆಯ ಗೇಟಿನೊಳಗೆ ಕುಂಟುತ್ತಾಳೆ, ಗೇಟಿನಾಚೆ ನಡೆಯುತ್ತಾಳೆ. ಇಲಿಗಳು ಓಡುತ್ತವೆ. ತಪಾಸಣೆ ಬಂದಾಗಲೆಲ್ಲ ನಾನು ಹಲಗೆಯಿಂದ ಬೀಳುತ್ತೇನೆ, ಈ ಇಲಾಖೆಯಲ್ಲಿ ನನ್ನಷ್ಟು ಚೆನ್ನಾಗಿ ಬೀಳುವವರು ಇನ್ನೊಬ್ಬರಿಲ್ಲ. ಬಾಲದ ಹುದ್ದೆಯೂ ಭರ್ತಿಯಾಗಿದೆ. ಅಕ್ಕನೇ ಹೊಲಿದು ಕೊಟ್ಟಳು, ಬಲಗಾಲಿನಲ್ಲಿ ಪೆಡಲು ತುಳಿದು. ಎಳೆದು ನೋಡಿದೆ. ಒಂದು ಹೊಲಿಗೆಯೂ ಬಿಟ್ಟಿಲ್ಲ.