ಮೂರನೇ ಮಹಡಿಯ ಒಣ ಮಗು

ಪೇಟೆಯ ದೊಡ್ಡ ಮಳಿಗೆಯೊಂದರ ಸ್ವಂತ ಹೆಸರಿನ ಡಯಪರ್ ಕಳೆದ ಆರು ವರ್ಷಗಳಲ್ಲಿ ಒಮ್ಮೆಯೂ ಸೋರಿಲ್ಲ. ಇದು ಜಾಹೀರಾತಿನ ಮಾತಲ್ಲ. ಮೂರನೇ ಮಹಡಿಯ ಪರೀಕ್ಷಾ ವಿಭಾಗದ ದಪ್ಪ ರಿಜಿಸ್ಟರಿನಲ್ಲಿ ದಿನಕ್ಕೆರಡು ಬಾರಿ, ಸಹಿ ಮತ್ತು ಮೊಹರಿನೊಂದಿಗೆ ದಾಖಲಾಗಿರುವ ಸಂಗತಿ. ಹೀಗಿದ್ದೂ ಒಂದು ಸೋಮವಾರ ಬೆಳಿಗ್ಗೆ ಒಬ್ಬ ತಾಯಿ ಒದ್ದೆ ಮಗುವನ್ನು ಎತ್ತಿಕೊಂಡು ಗ್ರಾಹಕ ಸಂತೃಪ್ತಿ ವಿಭಾಗಕ್ಕೆ ಬಂದುಬಿಟ್ಟಳು.

ಆಕೆ ಹೊಲಿಗೆಯವಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಬಟ್ಟೆಯ ಮೋಸವೆಲ್ಲ ಅವಳ ಬೆರಳಿಗೆ ಬಾಯಿಪಾಠವಾಗಿತ್ತು. ಈ ಡಯಪರಿನ ಅಂಟುಪಟ್ಟಿ ತಾನು ಅಂಟಬೇಕಾದ ಜಾಗವೊಂದನ್ನು ಬಿಟ್ಟು ಅವಳ ತೋಳಿಗೆ, ದಿಂಬಿಗೆ, ಮಗುವಿನ ಕೂದಲಿಗೆ ಬಹಳ ನಿಷ್ಠೆಯಿಂದ ಅಂಟುತ್ತಿತ್ತು. ಮಗು ಕಾಲು ಮಡಚಿತೋ ಇಲ್ಲವೋ, ತೊಡೆಯ ಎಲಾಸ್ಟಿಕ್ ಬಾಯಿ ಬಿಡುತ್ತಿತ್ತು. ಏಳು ತಿಂಗಳ ಮಗಳ ತೊಡೆಸಂದು ಕೆಂಪಗೆ ಸುಲಿದುಹೋಗಿತ್ತು. ಅದು ಅತ್ತಾಗಲೆಲ್ಲ ತಾಯಿ ಹೊಲಿಗೆ ಬಿಟ್ಟು ಓಡಿಬರುತ್ತಿದ್ದಳು. ಅತ್ತೆ ಮಾತ್ರ ತಲೆ ಕೆಡಿಸಿಕೊಂಡಿರಲಿಲ್ಲ. “ನಮ್ಮ ಕಾಲದಲ್ಲೂ ಮಕ್ಕಳು ಸೋರ್ತಿದ್ವು ಕಣೇ, ಯಾರೂ ದೂರು ಕೊಡೋಕೆ ಹೋಗ್ತಿರಲಿಲ್ಲ” ಎಂದಿದ್ದರು. ಹೊಲಿಗೆಯವಳಿಗೆ ಬದಲಿ ಡಯಪರ್ ಬೇಕಿರಲಿಲ್ಲ. ‘ಇದು ಸೋರುತ್ತದೆ’ ಎಂಬ ಒಂದೇ ಒಂದು ಸಾಲನ್ನು ಮಳಿಗೆಯವರ ಕೈಯಿಂದಲೇ ಬರೆಸಬೇಕು, ಇನ್ನೊಂದು ಮಗುವಿಗೆ ಈ ಗತಿ ಬರಬಾರದು. ಅಷ್ಟೇ ಅವಳ ಹಟ.

ಸಂತೃಪ್ತಿ ಅಧಿಕಾರಿ ಮಾತೆಲ್ಲ ಕೇಳಿ ಒಂದು ಅರ್ಜಿ ಮುಂದಿಟ್ಟ.

“ಎರಡು ಚೌಕ ಇದೆ ನೋಡಿಯಮ್ಮ. ‘ಮಗುವಿನ ದೋಷ’, ‘ಪೋಷಕರ ದೋಷ’. ಒಂದಕ್ಕೆ ಗುರುತು ಹಾಕಿ.”

“ಡಯಪರಿನ ದೋಷ ಅಂತ ಇಲ್ವಾ ಸಾರ್?”

“ಮೊದಲು ಇತ್ತು. ಎಲ್ಲರೂ ಅದಕ್ಕೇ ಗುರುತು ಹಾಕೋಕೆ ಶುರು ಮಾಡಿದ್ರು. ದುರ್ಬಳಕೆ ಆಗ್ತಿದೆ ಅಂತ ತೆಗೆದುಬಿಟ್ವಿ.”

ಅವಳು ಎರಡಕ್ಕೂ ಗುರುತು ಹಾಕದೆ ಅಲ್ಲೇ ಕೂತಳು. ಮಗು ರಾಗ ತೆಗೆಯಿತು. ಹೀಗಾಗಿ ನಿಯಮದಂತೆ ಇಬ್ಬರನ್ನೂ ಮೂರನೇ ಮಹಡಿಗೆ ಕಳುಹಿಸಲಾಯಿತು.

ಅಲ್ಲಿ ಗಾಜಿನ ಕಪಾಟಿನಲ್ಲಿ ‘ಪ್ರಮಾಣಿತ ಶಿಶು’ ಮಲಗಿತ್ತು. ರಬ್ಬರಿನ ಗೊಂಬೆ, ಮೂಗು ಸ್ವಲ್ಪ ಸವೆದಿತ್ತು. ಬಿಳಿ ಕೋಟಿನ ಪರೀಕ್ಷಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸಿದ. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಟವೆಲ್ ಹಾಸಿ, ರಿಜಿಸ್ಟರನ್ನು ಎತ್ತಿ ದೂರವಿಟ್ಟು, “ಈಗ ನಿಮ್ಮ ಮಗೂನ ಮಲಗಿಸಿ” ಎಂದ. ಇಬ್ಬರಿಗೂ ಒಂದೇ ಪೊಟ್ಟಣದ ಡಯಪರ್ ತೊಡಿಸಲಾಯಿತು.

“ಗೊಂಬೆಗೆ ನೀರು ಹಾಕಿ ನೋಡಲ್ವಾ?”

“ನೀರು ಹಾಕಿದ್ರೆ ಒದ್ದೆ ಆಗುತ್ತಲ್ಲಮ್ಮ!” ಪರೀಕ್ಷಕ ಬೆಚ್ಚಿದ.

“ಡಯಪರಿಗೆ ಅಳತೆ ತಗೊಂಡಿದ್ದು ಯಾರದ್ದು?”

“ಇದರದ್ದೇ. ಆರು ವರ್ಷದಿಂದ ಒಂದು ಸಲನೂ ಅಲುಗಾಡಿಲ್ಲ.”

ಅವಳು ಗೊಂಬೆಯ ಕಾಲನ್ನು ಮಡಚಲು ನೋಡಿದಳು. ಅದು ಮಡಚುವ ಕಾಲೇ ಅಲ್ಲ. ಎಲಾಸ್ಟಿಕ್ ಏಕೆ ಬಾಯಿ ಬಿಡುತ್ತದೆಂದು ಅವಳಿಗೆ ಆಗ ಹೊಳೆಯಿತು.

“ನಿಮ್ಮನೇಲಿ ಮಗು ಇದ್ಯಾ ಸಾರ್?”

“ಇದೆ. ಬಟ್ಟೆ ಕಟ್ತೀವಿ.”

“ಯಾಕೆ?”

“ನಮ್ಮದೂ ಪ್ರಮಾಣಕ್ಕೆ ತಕ್ಕ ಮಗು ಅಲ್ಲ” ಎಂದು ಆತ ತಲೆ ತಗ್ಗಿಸಿದ.

ಹತ್ತು ನಿಮಿಷಕ್ಕೆ ಟವೆಲ್ ತೊಯ್ದಿತು. ಆದೇಶ ಹೊರಬಿತ್ತು: “ಪ್ರಮಾಣಿತ ಶಿಶುವು ಒಣಗಿದ್ದು, ದೂರುದಾರರ ಶಿಶುವು ಒದ್ದೆಯಾಗಿರುತ್ತದೆ. ಆದಕಾರಣ ಸೋರುತ್ತಿರುವುದು ಶಿಶುವೇ ಹೊರತು ಡಯಪರ್ ಅಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ಪೋಷಕರು ಶಿಶುವನ್ನು ಸರಿಪಡಿಸಿಕೊಂಡು ಬಳಕೆ ಮುಂದುವರಿಸತಕ್ಕದ್ದು.”

ಹೊಲಿಗೆಯವಳಿಗೆ ಪಿತ್ತ ನೆತ್ತಿಗೇರಿತು. ಮನೆಗೆ ಬಂದವಳೇ ಹಳೆಯ ದಿಂಬಿನ ಚೀಲವೊಂದನ್ನು ಕತ್ತರಿಸಿ, ಮೂರು ಪದರ ಮಾಡಿ, ಮಗಳ ತೊಡೆಯ ಅಳತೆಗೆ ಹೊಲಿದು ಕಟ್ಟಿದಳು. ವಾರದೊಳಗೆ ಸುಲಿದ ಚರ್ಮ ವಾಸಿಯಾಯಿತು, ಮಗು ನಕ್ಕಿತು. ಮುಂದಿನ ಸೋಮವಾರ ಆ ಬಟ್ಟೆಯ ಮೇಲೆ ಡಯಪರ್ ತೊಡಿಸಿಕೊಂಡು ಮತ್ತೆ ಹೋದಳು.

“ನೋಡಿ ಸಾರ್, ಕೆಲಸ ಮಾಡೋದು ನನ್ನ ಬಟ್ಟೆ. ನಿಮ್ಮ ಡಯಪರ್ ಸುಮ್ನೆ ಮೇಲೆ ಕೂತಿದೆ.”

ಅಧಿಕಾರಿ ಡಯಪರನ್ನು ಮುಟ್ಟಿ ನೋಡಿದ. ಒಣಗಿತ್ತು. ಅವನ ಕಣ್ಣು ತುಂಬಿ ಬಂತು. ಜೀವಂತ ಮಗುವೊಂದು ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಇದೇ ಮೊದಲು.

ತಿಂಗಳೊಳಗೆ ಮಳಿಗೆಯ ಕಪಾಟಿಗೆ ‘ಡಯಪರ್ ರಕ್ಷಕ’ ಬಂತು: ಮಗುವಿನಿಂದ ಡಯಪರ್ ಒದ್ದೆಯಾಗದಂತೆ ಕಾಪಾಡುವ ಮೂರು ಪದರದ ಬಟ್ಟೆ. ಎರಡನ್ನೂ ಒಟ್ಟಿಗೇ ಕೊಳ್ಳಬೇಕು, ಬಿಡಿಯಾಗಿ ಸಿಗುವುದಿಲ್ಲ. ಹೊಲಿಗೆಯವಳಿಗೆ ಅಲ್ಲೇ ಕಾಯಂ ಕೆಲಸವಾಯಿತು: ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ಸಂತೃಪ್ತಿ ವಿಭಾಗ. ಒಳ್ಳೆ ಕುರ್ಚಿ, ಮೇಲೆ ಫ್ಯಾನು. ಎಲಾಸ್ಟಿಕ್ಕನ್ನು ಬೆರಳಗಲ ಸರಿಸಿದರೆ ರಕ್ಷಕವೇ ಬೇಡ ಎಂದು ಅವಳು ಮೊದಲ ವಾರ ಹೇಳಿದಳು. ಎರಡನೇ ವಾರ ಹೇಳಲಿಲ್ಲ. ಅತ್ತೆ ನೆರೆಮನೆಯವರಿಗೆಲ್ಲ ಸೊಸೆಯ ಗುಣಗಾನ ಮಾಡಿದರು.

ಒಂದು ಮಧ್ಯಾಹ್ನ ಚೊಚ್ಚಲ ತಾಯಿಯೊಬ್ಬಳು ಒದ್ದೆ ಕೂಸನ್ನು ಎತ್ತಿಕೊಂಡು ಬಂದಳು. ಪೊಟ್ಟಣ ರಕ್ಷಕ ಬರುವ ಮೊದಲು ಕೊಂಡದ್ದು. ಕೂಸಿನ ತೊಡೆಸಂದು ಸುಲಿದಿತ್ತು.

“ಅಕ್ಕಾ, ನೀವೂ ಮಗು ಹೆತ್ತೋರು. ನಿಜ ಹೇಳಿ, ಈ ಡಯಪರ್ ಸೋರಲ್ವಾ?”

ಹೊಲಿಗೆಯವಳ ಕೈ ತಾನಾಗಿಯೇ ಹೋಗಿ ಕೂಸಿನ ತೊಡೆಯ ಎಲಾಸ್ಟಿಕ್ಕನ್ನು ಮುಟ್ಟಿತು. ಬೆರಳಗಲ, ಅಷ್ಟೇ. ಆಮೇಲೆ ಆ ಕೈ ಹಿಂದೆ ಸರಿದು ಡ್ರಾಯರಿನಿಂದ ಅರ್ಜಿ ತೆಗೆಯಿತು.

“ಡಯಪರ್ ಸೋರಲ್ಲಮ್ಮ. ಮಗು ಸೋರತ್ತೆ” ಎಂದಳು. “ಯಾವ ಚೌಕಕ್ಕೆ ಗುರುತು ಹಾಕಲಿ?”